ಯಾವುದಕ್ಕೆ ಬಳಸಬಾರದು

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಜೊತೆ ಬರುವ ಕೈಪಿಡಿ ಬರೆದವಳು. ಯಾರೂ ಓದದ ಪುಸ್ತಕದ ಲೇಖಕಿ ಎಂದು ಮನೆಮಂದಿಯೆಲ್ಲ ರೇಗಿಸುತ್ತಿದ್ದೆವು. "ಓದದೇ ಇರೋರೇ ಬೆರಳು ಸುಟ್ಕೊಳ್ಳೋದು," ಎಂದು ಅವಳು ತಣ್ಣಗೆ ಹೇಳುತ್ತಿದ್ದಳು. ಅವಳಿದ್ದ ಕಂಪನಿ ಬಾಗಿಲು ಹಾಕಿದ ಮೇಲೆ ಅವಳನ್ನು ನಮ್ಮ ಆಫೀಸಿಗೆ ಕರೆತಂದವಳು ನಾನೇ.

ನಮ್ಮದು ಹೊಲಿಗೆ ಯಂತ್ರದ ಬಿಡಿಭಾಗ ಮಾರುವ ವೆಬ್‌ಸೈಟು. ಯಾವ ಪುಟಕ್ಕೆ ಎಷ್ಟು ಜನ ಬಂದರು, ಎಷ್ಟು ಹೊತ್ತು ಇದ್ದರು ಎಂದು ಹೇಳಲು ಒಂದು ಎಐ ಏಜೆಂಟ್ ಇಟ್ಟಿದ್ದೆವು. ಅದರ ಕೈಗೆ ಹದಿನಾಲ್ಕು ಟೂಲು, ಅಂದರೆ ಒಂದೊಂದು ಲೆಕ್ಕ ತೆಗೆದುಕೊಡುವ ಪುಟ್ಟ ಪ್ರೋಗ್ರಾಮು, ಕೊಟ್ಟಿದ್ದೆ. ಯಾವ ಪ್ರಶ್ನೆಗೆ ಯಾವ ಟೂಲು ಎಂಬುದನ್ನು ಅದು ಪ್ರತಿ ಟೂಲಿನ ವಿವರಣೆ ಓದಿಯೇ ಆರಿಸಬೇಕು. ಆ ವಿವರಣೆಗಳೆಲ್ಲ ನನ್ನವು, ಒಂದೊಂದೂ ಒಂದೇ ಸಾಲು. ಪ್ರೋಗ್ರಾಮರ್ ಆದವಳು ಅದಕ್ಕಿಂತ ಹೆಚ್ಚು ಬರೆಯಬಾರದು ಎಂಬ ಕೊಬ್ಬು ನನಗಿತ್ತು.

ಚಿಕ್ಕಮ್ಮ ಸೇರಿದ ಮೂರನೇ ದಿನ ಏಜೆಂಟ್ ವರದಿ ಕೊಟ್ಟಿತು: ಹಳೆಯ ಯಂತ್ರಗಳ ದುರಸ್ತಿ ಪುಟಕ್ಕೆ ಕಳೆದ ತಿಂಗಳು ಬಂದವರು ಒಂಬತ್ತು ಜನ. ಆ ಪುಟ ನಮ್ಮ ಮೆಕ್ಯಾನಿಕ್ ಅವರದು. ಗೋದಾಮಿನ ಪಕ್ಕದ ಕೋಣೆಯಲ್ಲಿ ಕೂತು, ಹಳೆಯ ಯಂತ್ರ ಬಿಚ್ಚಿ, ಒಂದೊಂದು ಸ್ಕ್ರೂವಿನ ಫೋಟೋ ತೆಗೆದು ಬರೆಯುತ್ತಿದ್ದರು. ಅವರಿಗಿದ್ದದ್ದು ಅದೊಂದೇ ಕೆಲಸ.

"ಒಂಬತ್ತು ಜನಕ್ಕೋಸ್ಕರ ಒಬ್ಬರನ್ನ ಇಟ್ಕೊಳ್ಳೋಕಾಗಲ್ಲ," ಎಂದು ಮ್ಯಾನೇಜರ್ ಕಡ್ಡಿ ಮುರಿದ ಹಾಗೆ ಹೇಳಿದರು. "ನಾಲ್ಕು ಗಂಟೆ ಮೀಟಿಂಗಲ್ಲಿ ತೀರ್ಮಾನ ಮಾಡಿಬಿಡೋಣ."

ಆಗ ಗಂಟೆ ಎರಡೂವರೆ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ನನ್ನ ಪಕ್ಕ ಕುರ್ಚಿ ಎಳೆದಳು.

"ಒಂಬತ್ತು ಅಂತ ಯಾವ ಟೂಲು ಹೇಳ್ತು, ತೋರ್ಸು."

ತೋರಿಸಿದೆ. ವಿವರಣೆ: ‘ಪುಟದ ಅಂಕಿ ಕೊಡುತ್ತದೆ.’ ಅದರ ಕೆಳಗಿನ ಟೂಲಿಗೂ ಅದೇ ಸಾಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು. ಒಂದು ಟೂಲು ಬಂದವರನ್ನು ಎಣಿಸುತ್ತಿತ್ತು, ಇನ್ನೊಂದು ಪುಟದಿಂದ ಏನಾದರೂ ಕೊಂಡವರನ್ನು ಮಾತ್ರ. ನಾನು ಸೋಮಾರಿತನಕ್ಕೆ ಮೊದಲನೆಯದರ ಸಾಲನ್ನೇ ಎರಡನೆಯದಕ್ಕೂ ಅಂಟಿಸಿದ್ದೆ. ಪಾಪ, ಏಜೆಂಟ್ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿತ್ತು; ಆ ಒಂಬತ್ತು ಜನ ಕೊಂಡವರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ನಾವೂ ನಂಬಿದ್ದೆವು.

ಚಿಕ್ಕಮ್ಮ ಬರೆಯತೊಡಗಿದಳು. "ಇದು ಕೊಂಡವರನ್ನು ಮಾತ್ರ ಎಣಿಸುತ್ತದೆ. ಓದಿ ಹೋದವರು ಇದರಲ್ಲಿ ಇಲ್ಲ. ಪುಟಕ್ಕೆ ಎಷ್ಟು ಜನ ಬಂದರು ಎಂದು ಕೇಳಿದರೆ ಇದನ್ನು ಬಳಸಬೇಡ, ಭೇಟಿ ಎಣಿಸುವ ಟೂಲನ್ನು ಬಳಸು. ಮೊದಲ ದಿನ, ಕೊನೆಯ ದಿನ ಎರಡೂ ಬೇಕು. ದಿನಾಂಕ ಹೇಳದಿದ್ದರೆ ಊಹಿಸಬೇಡ, ಕೇಳು."

"ಇಷ್ಟುದ್ದ ಯಾಕೆ ಚಿಕ್ಕಮ್ಮ? ಅದು ಬುದ್ಧಿವಂತ ಏಜೆಂಟು."

"ಎಷ್ಟೇ ಬುದ್ಧಿವಂತ ಆಗ್ಲಿ, ನಿನ್ನ ತಲೇಲಿ ಇರೋದು ಅದಕ್ಕೆ ಹೇಗೆ ಕಾಣ್ಬೇಕು?"

ಭೇಟಿ ಎಣಿಸುವ ಟೂಲಿಗೂ ಅವಳು ಬರೆದು ಮುಗಿಸುವಾಗ ಮೂರೂ ನಲವತ್ತು. ದುರಸ್ತಿ ಪುಟಕ್ಕೆ ಎಷ್ಟು ಜನ ಬಂದರು ಎಂದು ಕೇಳಿದೆ. ಏಜೆಂಟ್ ತಿರುಗಿ ಕೇಳಿತು: ‘ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ?’ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ದಿನಾಂಕ ಕೊಟ್ಟೆ. ಸರಿಯಾದ ಟೂಲನ್ನೇ ಎತ್ತಿಕೊಂಡಿತು. ಹನ್ನೊಂದು ಸಾವಿರದ ನಾನೂರ ಅರವತ್ತು.

ಎದ್ದು ಓಡಹೊರಟ ನನ್ನನ್ನು ಚಿಕ್ಕಮ್ಮ ಕೈ ಹಿಡಿದು ಕೂರಿಸಿದಳು. "ಒಂದ್ಸಲ ಸರಿ ಬಂದ್ರೆ ಅದೃಷ್ಟಾನೂ ಇರಬಹುದು. ಬೇರೆ ಥರ ಕೇಳು."

ಐದು ಥರ ಕೇಳಿದೆ. ಐದು ಸಲವೂ ಅದೇ ಉತ್ತರ. ಖುಷಿಗೆ ಅವಳ ಬೆನ್ನಿಗೊಂದು ಗುದ್ದಿದೆ, ಅವಳ ಕನ್ನಡಕ ಕೆಳಗೆ ಬಿತ್ತು. ಆಮೇಲೆ ಇಬ್ಬರೂ ಒಂದೊಂದೇ ಮೆಟ್ಟಿಲು ಹತ್ತುವ ಸಹನೆಯಿಲ್ಲದೆ ಎರಡೆರಡು ಹಾರಿಕೊಂಡು ಮೀಟಿಂಗ್ ಕೋಣೆಗೆ ನುಗ್ಗಿದೆವು.

ಮ್ಯಾನೇಜರ್ ತಾವೇ ಟೈಪ್ ಮಾಡಿ ಕೇಳಿ ನೋಡಿದರು. ಉತ್ತರ ಬದಲಾಗಲಿಲ್ಲ. "ಪುಟ ಇರ್ಲಿ. ಅವರೂ ಇರ್ಲಿ," ಎಂದರು.

ಮೆಕ್ಯಾನಿಕ್ ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ನನಗೆ ನಾಚಿಕೆಯಾಗಿ ಹೇಳಿಬಿಟ್ಟೆ, "ಒಂಬತ್ತು ಅಂದಿದ್ದು ಏಜೆಂಟ್ ತಪ್ಪಲ್ಲ. ನಾನು ಬರೆದಿದ್ದು ತಪ್ಪು."

ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ. "ಬಂದೋರು ಎಷ್ಟೊತ್ತು ಇರ್ತಾರೆ, ಕೇಳಮ್ಮ."

ಕೇಳಿದೆ. ಸರಾಸರಿ ಹದಿನೆಂಟು ನಿಮಿಷ.

ಅವರು ಬೆರಳು ಮಡಚಿ ಏನೋ ಎಣಿಸಿದರು. "ಹಳೇ ಮೆಷಿನಲ್ಲಿ ಕೆಳಗಿನ ದಾರದ ಬಾಬಿನ್ ಕೇಸ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸೋಕೆ ಹೊಸಬರಿಗೆ ಅಷ್ಟೇ ಹಿಡಿಯುತ್ತೆ," ಎಂದರು. "ಮೊದಲೆಲ್ಲ ರಿಪೇರಿ ಹೇಗೆ ಅಂತ ಕೇಳಿ ದಿನಕ್ಕೆ ಇಪ್ಪತ್ತು ಫೋನ್ ಬರ್ತಿತ್ತು. ಅದು ನಿಂತ್ಹೋದಾಗ ಇನ್ನು ನಾನು ಯಾರಿಗೂ ಬೇಡ ಅಂದ್ಕೊಂಡಿದ್ದೆ. ಇವರೆಲ್ಲ ಓದ್ಕೊಂಡು ತಾವೇ ರಿಪೇರಿ ಮಾಡ್ಕೊಳ್ತಿದ್ದಾರಲ್ಲಮ್ಮ."

ಹೇಳುತ್ತ ಹೇಳುತ್ತ ಅವರು ಅತ್ತುಬಿಟ್ಟರು. ಚಿಕ್ಕಮ್ಮ ಅವರ ಪಕ್ಕ ಹೋಗಿ ಕೂತಳು.