ಗೋಡೆಯ ಹಿಂದಿನ ಅಳು

ಯಂತ್ರದೊಳಗೆ ದೆವ್ವ ಇದೆಯೆಂದು ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಚಾಮರಾಜನಗರದಲ್ಲಿ ಸಣ್ಣ ಅಂಗಡಿ ಇದೆ. ಸದ್ದು ಬಂದರೆ ಅದಕ್ಕೊಂದು ಸ್ಪೀಕರ್ ಇರಲೇಬೇಕು ಅನ್ನುವವನು. ಈಗಲೂ ಹಾಗೆಯೇ ನಂಬಿದ್ದೇನೆ, ಒಂದು ಮಧ್ಯಾಹ್ನವನ್ನು ಬಿಟ್ಟು.

ಮೂರು ವರ್ಷದ ಹಿಂದೆ ನಮ್ಮ ದೊಡ್ಡವ್ವನನ್ನು, ಅಂದರೆ ತಾಯಿಯ ಅಕ್ಕನನ್ನು, ಕಣ್ಣು ತೋರಿಸಲೆಂದು ತೆರಕಣಾಂಬಿಯಿಂದ ಮನೆಗೆ ಕರೆತಂದಿದ್ದೆ. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಯಾವುದು ಕತ್ತಲೆ ಯಾವುದು ಅನ್ನುವಷ್ಟೇ ತಿಳಿಯುತ್ತಿತ್ತು. ಸಣ್ಣ ಆಪರೇಷನ್, ಖಂಡಿತ ಕಾಣುತ್ತದೆ ಎಂದರು ಡಾಕ್ಟರು. ಅವಳು ಒಪ್ಪಲಿಲ್ಲ. ನಾನೂ ಹೆಂಡತಿಯೂ ಎರಡು ದಿನ ಗೋಗರೆದ ಮೇಲೆ ಕಾರಣ ಹೇಳಿದಳು.

“ನಮ್ಮತ್ತೆಗೆ ವಯಸ್ಸಾಗಿ ಕಣ್ಣು ಓಗಿತ್ತಲ್ಲ, ಆಗ ನಾನು ತಟ್ಟೆ ಇಟ್ಬುಟ್ಟು, ಒಂದು ಮಾತೂ ಆಡ್ದೆ ಎದ್ದೋಯ್ತಿದ್ದೆ. ಅವ್ಳು ನೆಲ ತಡವ್ತಾ ಕೂತಿರೋಳು, ಅಂಗೇ ಸತ್ಲು. ಈಗ ನಂಗೆ ಬಂದದೆ. ಅನುಭವಿಸ್ಬೇಕು ಕಣ್ಲಾ, ಬುಡು.”

ಆ ದಿನಗಳಲ್ಲಿ ನಾನು ಲ್ಯಾಪ್‌ಟಾಪಿನಲ್ಲಿ ಒಂದು ಗೇಮ್ ಆಡುತ್ತಿದ್ದೆ. ಗೆಳೆಯರ ಬ್ಲಾಗಿಗೆ ಅದರ ವಿಮರ್ಶೆ ಬರೆಯಬೇಕಿತ್ತು. ಪಾಳುಬಿದ್ದ ಮಠದ ಊರು. ಒಡೆದ ಗಂಟೆಯನ್ನು ಬೆನ್ನಿಗೆ ಕಟ್ಟಿಕೊಂಡ ಸನ್ಯಾಸಿಯೊಬ್ಬ ಕತ್ತಿ ಹಿಡಿದು, ಗೋಡೆಯಿಂದ ಗೋಡೆಗೆ ಹಾರುತ್ತ ಅದನ್ನು ದಾಟಬೇಕು. ಅಲ್ಲಿಯವರಿಗೆ ನೋವೇ ಪೂಜೆ. ಒಬ್ಬ ತುಟಿ ಹೊಲಿದುಕೊಂಡಿದ್ದಾನೆ, ಇನ್ನೊಬ್ಬಳು ತಲೆಯ ಮೇಲೆ ಕಲ್ಲು ಹೊತ್ತು ನಿಂತಿದ್ದಾಳೆ. ಚಿತ್ರಗಳು ಅದ್ಭುತ, ಒಂದೊಂದು ಕಂಬವನ್ನೂ ಕೈಯಾರೆ ಬರೆದಿದ್ದಾರೆ. ಕತ್ತಿಯ ಏಟಿಗೆ ನಿಜವಾದ ತೂಕವಿದೆ. ಆದರೆ ಹಾರುವಾಗ ಕೂದಲೆಳೆಯಷ್ಟು ತಪ್ಪಿದರೂ ಮುಳ್ಳಿನ ಮೇಲೆ ಬಿದ್ದು ಸಾವು, ಮತ್ತೆ ಎಷ್ಟೋ ಹಿಂದಿನಿಂದ ಶುರು. ಕಥೆಯನ್ನೋ ಬರೀ ಒಗಟಿನಲ್ಲಿ ಹೇಳುತ್ತಾರೆ. ಇವೆಲ್ಲಕ್ಕಿಂತ ದೊಡ್ಡದೊಂದು ಕೊರತೆ ನನ್ನನ್ನು ಕಾಡುತ್ತಿತ್ತು. ಅದಕ್ಕೆ ಮಾತು ಸಿಕ್ಕಿರಲಿಲ್ಲ.

ಅಂದು ಭಾನುವಾರ. ಹೆಂಡತಿ ಹರದನಹಳ್ಳಿಗೆ, ತವರಿಗೆ ಹೋಗಿದ್ದಳು. ದೊಡ್ಡವ್ವ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದಳು. ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದ ನಾನು, ಅವಳೇನೋ ಅಂದಂತಾಗಿ ಅದನ್ನು ತೆಗೆದೆ.

“ಆ ಎಂಗ್ಸು ಯಾಕ್ಲಾ ಅಳ್ತಾವ್ಳೆ?”

“ಯಾವ ಹೆಂಗ್ಸು ದೊಡ್ಡವ್ವ?”

“ನೀನು ಆಡ್ತಿದ್ದೀಯಲ್ಲ, ಅದ್ರೊಳಗೆ. ಗೋಡೆ ಇಂದ್ಗಡೆ ಅವ್ಳೆ.”

ಹೆಡ್‌ಫೋನ್ ಹಾಕಿದ್ದ ನನಗೇ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಿರಲಿಲ್ಲ. ಅದರ ಪಿನ್ನು ಚುಚ್ಚಿರುವಾಗ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಸದ್ದು ಹೊರಡುವುದೂ ಇಲ್ಲ. ಪಕ್ಕದ ಮನೆಯ ಅಳುವಿರಬೇಕೆಂದು ಹೊರಗೆ ಹೋಗಿ ನೋಡಿ ಬಂದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳ ಸಮಾಧಾನಕ್ಕೆಂದು ಪರದೆಯ ಮೇಲಿನ ಗೋಡೆಗೆ ಎರಡೇಟು ಹಾಕಿದೆ. ಗೋಡೆ ಕುಸಿಯಿತು. ಒಳಗೆ ಸಣ್ಣ ಕೋಣೆ, ಅಲ್ಲಿ ಮೊಣಕಾಲೂರಿ ಕುಳಿತ ಹೆಂಗಸು.

“ಸಿಕ್ಕಿದ್ಲಾ?” ಎಂದಳು ದೊಡ್ಡವ್ವ. “ಯಾಕಂತೆ ಅಳೋದು?”

ಇಲ್ಲಿ ಎಲ್ಲರೂ ಮಾಡಿದ ತಪ್ಪಿಗೆ ತಾವೇ ಶಿಕ್ಷೆ ಕೊಟ್ಟುಕೊಂಡು ಕೂತಿದ್ದಾರೆ ಎಂದು ನನಗೆ ತಿಳಿದಷ್ಟು ಕಥೆ ಹೇಳಿದೆ. ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

“ಸಾಕು, ಓಗ್ಲಿ ಬುಡು ಅನ್ನೋರು ಒಬ್ರೂ ಇಲ್ವಾ ಅಲ್ಲಿ?”

ಇರಲಿಲ್ಲ. ಅಷ್ಟು ದೊಡ್ಡ ಆಟದಲ್ಲಿ ಯಾರೂ ಯಾರನ್ನೂ ಕ್ಷಮಿಸುವುದಿಲ್ಲ. ನನಗೆ ಮಾತು ಸಿಗದಿದ್ದ ಕೊರತೆ ಅದೇ. ವಿಮರ್ಶೆಯಲ್ಲೂ ಆಮೇಲೆ ಹಾಗೆಯೇ ಬರೆದೆ. ಆಗ ಮಾತ್ರ ಏನೂ ತೋಚದೆ, ಸನ್ಯಾಸಿಯನ್ನು ಆ ಹೆಂಗಸಿನ ಎದುರು ಮೊಣಕಾಲೂರಿ ಕೂರಿಸಿದೆ. ಅವಳು ತಲೆಯೆತ್ತಲಿಲ್ಲ. ದೊಡ್ಡವ್ವ ಕಿವಿಗೊಟ್ಟು ಕೂತಿದ್ದಳು.

“ಅಳೋದ್ನ ನಿಲ್ಸಿದ್ಲು,” ಎಂದಳು. ಮತ್ತೆ ಒಂದು ಹಿಡಿ ಕಾಯಿ ಸುಲಿದ ಮೇಲೆ ಕೇಳಿದಳು: “ಆಪರೇಸನ್ ಯಾವತ್ತಂತೆ?”

ಆ ಗೇಮ್ ಆಡಿದ ಬೇರೆಯವರನ್ನು ಕೇಳಿದೆ. ಕೋಣೆ ಇದೆಯಂತೆ, ಅಳು ಇಲ್ಲವಂತೆ. ಅದರ ಸೌಂಡ್ ಫೈಲುಗಳನ್ನೆಲ್ಲ ಒಂದೊಂದಾಗಿ ತೆಗೆದು ಕೇಳಿದೆ, ಎಲ್ಲೂ ಇಲ್ಲ. ಕಣ್ಣು ಮಂಕಾದವರಿಗೆ ಕಿವಿ ಚುರುಕು, ದೂರದ ಯಾವುದೋ ಮನೆಯ ಅಳು ಕೇಳಿರಬೇಕು ಎಂದುಕೊಂಡೆ. ಆದರೆ ಗೋಡೆಯ ವಿಷಯ ಅವಳಿಗೆ ಹೇಗೆ ಗೊತ್ತಾಯಿತು?

ಆಪರೇಷನ್ ಆಗಿ ತಿಂಗಳು ಕಳೆದ ಮೇಲೆ ಆ ಕೋಣೆಯನ್ನು ತೆರೆದು ತೋರಿಸಿದೆ. ದೊಡ್ಡವ್ವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

“ಇವ್ಳು ಚಿಕ್ಕೋಳು ಕಣ್ಲಾ. ಅವತ್ತು ಅತ್ತೋಳು ವಯಸ್ಸಾದೋಳು.”

ಯಾರು ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.