ಏಳನೇ ನಂಬರಿನ ಪದ್ಯ

ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಅವರನ್ನು ಎಲ್ಲರೂ ಕವಿಗಳು ಎಂದೇ ಕರೆಯುತ್ತಿದ್ದರು, ಅರ್ಧ ಗೌರವಕ್ಕೆ, ಅರ್ಧ ಗೇಲಿಗೆ. ಸತ್ತವರ ಫೋಟೋದ ಕೆಳಗೆ ಹಾಕುವ ನಾಲ್ಕು ಸಾಲಿನ ಪದ್ಯ ಬರೆಯುವುದು ಅವರ ಕಸುಬು. ಬರೆಯುವುದೇನು ಬಂತು, ಎಂದೋ ಹನ್ನೆರಡು ಪದ್ಯ ಹೊಸೆದು ನಂಬರು ಹಾಕಿಟ್ಟುಕೊಂಡಿದ್ದರು. ಅಪ್ಪ ಸತ್ತರೆ ಮೂರು, ಅಜ್ಜಿಗೆ ಐದು, ಹೆಂಡತಿಗೆ ಏಳು. ಏಳರಲ್ಲಿ ಮನೆಯ ದೀಪ ಆರುತ್ತಿತ್ತು. ಆ ದೀಪ ಓದಿ ಅದೆಷ್ಟು ಗಂಡಂದಿರು ಮೂಗು ಒರೆಸಿಕೊಂಡಿದ್ದರೋ ಲೆಕ್ಕವಿಲ್ಲ. ಕವಿಗಳು ಮಾತ್ರ ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ, ಎದುರಿಗೆ ಅಳುತ್ತ ಕೂತವರನ್ನು "ಸಂಬಂಧ?" ಎಂದು ಕೇಳುತ್ತಿದ್ದರು.

ಹೆಂಡತಿ ಹೊಲಿಗೆ ಕೆಲಸದವಳು. ಸಂಜೆ ಗಂಡ ಮನೆಗೆ ಬಂದರೆ, ಇವತ್ತು ಎಷ್ಟು ದೀಪ ಆರಿಸಿದಿರಿ ಎಂದು ಕಾಲೆಳೆಯುತ್ತಿದ್ದಳು. ಕಾಯಿಲೆ ಬಿದ್ದು, ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ ಮೇಲೂ ಆ ಚಾಳಿ ಬಿಡಲಿಲ್ಲ. ಮಲಗಿದಲ್ಲೇ ಗಂಡನ ಕೈ ಹಿಡಿದು ಭಾಷೆ ತೆಗೆದುಕೊಂಡಳು.

"ನನ್ನನ್ನ ದೀಪ ಮಾಡಬೇಡಿ. ಓದಿದವರು ಒಂದ್ಸಲ ನಗಬೇಕು, ಅಂಥದ್ದೇನಾದ್ರೂ ಬರೀರಿ."

ಕವಿಗಳು ಆಯಿತೆಂದರು. ಮೂರು ವಾರ ಪೆನ್ನು ಕಚ್ಚಿದರು. ಒಂದು ಸಾಲೂ ಹುಟ್ಟಲಿಲ್ಲ. ನಂಬರು ಹೇಳಿಕೊಂಡೇ ತಲೆ ನರೆತವರಿಗೆ ಹುಟ್ಟುವುದಾದರೂ ಹೇಗೆ?

ಅವಳು ಹೋದ ಮಧ್ಯಾಹ್ನ ಕಚೇರಿಯಿಂದ ಫೋನು ಬಂತು. ಸಹೋದ್ಯೋಗಿ ದನಿ ತಗ್ಗಿಸಿ, ರೂಢಿಯಂತೆ ಒಂದೊಂದಾಗಿ ಕೇಳಿದ. ಹೆಸರು ಹೇಳಿದರು, ವಯಸ್ಸು ಹೇಳಿದರು. ಯಾವ ಪದ್ಯ ಎಂದಾಗ ಬಾಯಿ ತನ್ನಷ್ಟಕ್ಕೆ ತಾನೇ ಉತ್ತರ ಕೊಟ್ಟಿತು.

"ಏಳನೇದು."

ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಫೋಟೋದಲ್ಲಿ ಹೆಂಡತಿ ನಗುತ್ತಿದ್ದಾಳೆ, ಕೆಳಗೆ ದೀಪ ಆರುತ್ತಿದೆ. ನೆಂಟರೆಲ್ಲ ಎಂಥ ಪದ್ಯ, ಎಂಥ ಪದ್ಯ ಎಂದು ಕಣ್ಣೊರೆಸಿಕೊಂಡರು. ಭಾವಮೈದುನನಂತೂ ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡ. ಕವಿಗಳಿಗೆ ನಾಚಿಕೆಯಿಂದ ಅವಳ ಹೊಲಿಗೆ ಯಂತ್ರದ ಕಡೆ ತಿರುಗಿ ನೋಡಲಾಗಲಿಲ್ಲ. ಊರಿಗೆಲ್ಲ ಇದನ್ನೇ ಹಂಚಿದೆನಲ್ಲ ಎಂದು ಮೊದಲ ಸಲ ಅನಿಸಿತು.

ಚಪ್ಪಲಿ ಮೆಟ್ಟಿ ನೇರ ಕಚೇರಿಗೆ ಹೋದರು. ತಿದ್ದುಪಡಿಯ ಚೀಟಿ ಕೊಡಿ ಎಂದರು. ತಾರೀಖೋ ಮಂತ್ರಿಯ ಹೆಸರೋ ತಪ್ಪಾಗಿ ಅಚ್ಚಾದಾಗ ತುಂಬುವ ಚೀಟಿ ಅದು. ಕವಿಗಳು ನಿಂತಲ್ಲೇ ಬರೆದರು:

ನಿನ್ನೆಯ ಸಂಚಿಕೆಯಲ್ಲಿ ನನ್ನ ಹೆಂಡತಿಯನ್ನು ದೀಪ ಎಂದದ್ದು ತಪ್ಪು.
ಅವಳು ಜೋರಾಗಿ ಗೊರಕೆ ಹೊಡೆಯುತ್ತಿದ್ದಳು.
ನಿಲ್ಲಿಸೇ ಮಾರಾಯ್ತಿ ಎಂದು ಮೂವತ್ತು ವರ್ಷ ಬೇಡಿದೆ, ಈಗ ನಿಲ್ಲಿಸಿದ್ದಾಳೆ.
ನನಗೆ ನಿದ್ದೆ ಬರುತ್ತಿಲ್ಲ.