ಎಮ್ಮೆಯ ಜೊತೆ ಕಾಲೇಜಿಗೆ

ಎಪ್ಪತ್ತರ ದಶಕದಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಮಳವಳ್ಳಿ ಪಕ್ಕದ ನಮ್ಮ ಹಳ್ಳಿಯಲ್ಲಿ ಸಿಕ್ಕಿದವರೆಲ್ಲ ಅಪ್ಪನಿಗೆ ಎರಡೇ ಪ್ರಶ್ನೆ ಕೇಳುತ್ತಿದ್ದರು. ಕಾಲೇಜಿಗೆ ದುಡ್ಡೆಲ್ಲಿಂದ ತರ್ತೀಯ? ಮಂಡ್ಯದಲ್ಲಿ ಹುಡುಗಿಯನ್ನು ಎಲ್ಲಿ ಇರಿಸ್ತೀಯ? ಅಪ್ಪ ಒಂದು ಸಲಕ್ಕೆ ಒಂದೇ ಪ್ರಶ್ನೆಗೆ ತಲೆ ಕೊಡುವ ಮನುಷ್ಯ. ಕಬ್ಬು ಇನ್ನೂ ಗದ್ದೆಯಲ್ಲೇ ನಿಂತಿತ್ತು. ಹಾಗಾಗಿ ಎಮ್ಮೆಯನ್ನು ಕರುವಿನ ಸಮೇತ ಮದ್ದೂರಿನ ಒಬ್ಬ ಹೋಟೆಲಿನವರಿಗೆ ಮಾರಿ, ಮಾರನೆಯ ದಿನವೇ ನನ್ನನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಿ ಪಿಯುಸಿಗೆ ಫೀಜು ಕಟ್ಟಿಬಿಟ್ಟರು. ಇರುವುದೆಲ್ಲಿ ಎಂಬ ಪ್ರಶ್ನೆ ಹಾಗೇ ಉಳಿಯಿತು.

ವಾರ ಕಳೆಯುವ ಮೊದಲೇ ಹೋಟೆಲಿನವರು ಬಸ್ಸಿಳಿದು ನಮ್ಮ ಜಗಲಿಗೆ ಬಂದು ಕೂತರು. ಸಣಕಲು ದೇಹ, ಹೆಗಲ ಮೇಲೆ ಟವೆಲು. ಕೊಟ್ಟ ಮಜ್ಜಿಗೆ ಕುಡಿದು ಮುಗಿಸಿದರು.

"ಗೌಡ್ರೇ, ನಿಮ್ಮೆಮ್ಮೆ ಹಾಲು ಕೊಡ್ತಾ ಇಲ್ಲ" ಎಂದರು ಆಮೇಲೆ. "ನಾನು ಕೂತೆ, ಒದೀತು. ನಮ್ಮ ಮನೆಯವಳು ಕೂತಳು, ಅವಳನ್ನ ಒದೀಲಿಲ್ಲ, ಆದ್ರೆ ಹಾಲೂ ಬಿಡಲಿಲ್ಲ. ಮಂತ್ರ ಹೇಳಿದ್ದೂ ಆಯ್ತು."

"ಮಂತ್ರಕ್ಕೆಲ್ಲ ಬಗ್ಗಾಕಿಲ್ಲ ಸ್ವಾಮಿ ಅದು" ಎಂದರು ಅಪ್ಪ. "ಅದ್ಕೆ ಪಾಠ ಓದ್ಬೇಕು."

ಅಪ್ಪ ತಮಾಷೆ ಮಾಡುತ್ತಿರಲಿಲ್ಲ. ಹಾಲು ಕರೆಯುವ ಕೆಲಸ ನನ್ನದಾಗಿತ್ತು. ಪರೀಕ್ಷೆಯ ವರ್ಷ ಓದುವುದಕ್ಕೆ ಬೇರೆ ಹೊತ್ತು ಸಿಗದೆ, ಹಾಲು ಕರೆಯುತ್ತಲೇ ಚರಿತ್ರೆಯ ಪಾಠಗಳನ್ನು ಜೋರಾಗಿ ಬಾಯಿಪಾಠ ಮಾಡುತ್ತಿದ್ದೆ. ನಾನು ನಿಲ್ಲಿಸಿದರೆ ಎಮ್ಮೆಯೂ ಹಾಲು ನಿಲ್ಲಿಸುತ್ತಿತ್ತು. ನಮ್ಮ ಮನೆಯಲ್ಲಿ ಅದು ಯಾರಿಗೂ ವಿಶೇಷ ಅನ್ನಿಸಿರಲಿಲ್ಲ.

"ಹಾಗಾದ್ರೆ ದುಡ್ಡು ವಾಪಸ್ ಕೊಡಿ" ಎಂದರು ಹೋಟೆಲಿನವರು.

"ಕಾಲೇಜ್ಗೆ ಕಟ್ಬುಟ್ಟಿವ್ನಿ ಸ್ವಾಮಿ."

"ನಡೀರಿ ಕಾಲೇಜಿಗೆ, ಅಲ್ಲೇ ಕೇಳೋಣ."

ಮೂವರೂ ಮಂಡ್ಯದ ಬಸ್ಸು ಹತ್ತಿದೆವು. ಎಮ್ಮೆಯ ಹಾಲಿಗಾಗಿ ನನ್ನ ಕಾಲೇಜು ಸೀಟು ಹೋಗುತ್ತದೆ ಎಂದು ನಾನು ದಾರಿಯುದ್ದಕ್ಕೂ ಕಿಟಕಿಗೆ ಮುಖ ಮಾಡಿ ಅತ್ತೆ. ಅವರಿಬ್ಬರು ಹಿಂದಿನ ಸೀಟಿನಲ್ಲಿ ಕೂತು ಹಿಂಡಿಯ ಬೆಲೆ ಮಾತಾಡುತ್ತಿದ್ದರು.

ಪ್ರಿನ್ಸಿಪಾಲರು ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿಸಿಕೊಂಡರು. ಫೀಜಿನ ಗುಮಾಸ್ತರನ್ನು ಕರೆಸಿದರು. ಗುಮಾಸ್ತರು ನಿಯಮದ ಪುಸ್ತಕ ತಿರುವಿ, "ವಿದ್ಯಾರ್ಥಿ ಬಿಟ್ಟು ಹೋದ್ರೆ ಒಂದು ಭಾಗ ವಾಪಸ್ ಕೊಡಬಹುದು ಸಾರ್. ಎಮ್ಮೆ ವಿಚಾರ ಏನೂ ಇಲ್ಲ" ಎಂದರು.

"ಹುಡುಗಿ ಬಿಟ್ಟು ಹೋಗ್ತಾಳೇನ್ರೀ?" ಎಂದು ಪ್ರಿನ್ಸಿಪಾಲರು ಅಪ್ಪನನ್ನು ಕೇಳಿದರು.

"ಬುಡಾಕಿಲ್ಲ ಸಾ" ಎಂದರು ಅಪ್ಪ. ಆ ಒಂದು ಮಾತಿಗೆ ನನ್ನ ಅಳು ನಿಂತಿತು.

"ಎಲ್ಲಿರ್ತಾಳೆ?"

ಅಪ್ಪ ನನ್ನ ಮುಖ ನೋಡಿದರು. ಗುಮಾಸ್ತರು ಹೋಟೆಲಿನವರ ಕಡೆ ತಿರುಗಿ, "ಮದ್ದೂರಿಂದ ಬೆಳಿಗ್ಗೆ ರೈಲಿದೆ. ಪಾಸೂ ಸಿಗುತ್ತೆ. ಎಮ್ಮೆ ನಿಮ್ಮ ಮನೇಲೇ ಇದೆಯಲ್ಲ" ಎಂದರು.

ಹೋಟೆಲಿನವರು ಹೆಗಲ ಟವೆಲು ಸರಿಮಾಡಿಕೊಂಡು, "ಅನ್ನ ನಮ್ಮದು, ಕರೆಯೋದು ಅವಳದು" ಎಂದರು. ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡು, ನನ್ನ ಅರ್ಜಿಯ ಪೋಷಕರು ಎಂಬ ಜಾಗದಲ್ಲಿ ಅಪ್ಪನ ರುಜುವಿನ ಪಕ್ಕಕ್ಕೆ ಅವರದೂ ಒಂದು ರುಜು ಹಾಕಿಸಿದರು.

ಹೀಗೆ ನಾನು ಮದ್ದೂರಿಗೆ ಬಂದೆ. ಹೋಟೆಲಿನ ಹಿಂದೆಯೇ ಮನೆ. ಅವರ ಅಡಿಗೆ ಮನೆಯೊಳಗೆ ನಾನು ಹೋಗುವಂತಿರಲಿಲ್ಲ, ನಡುಮನೆಯಲ್ಲಿ ಎಲೆ ಹಾಕುತ್ತಿದ್ದರು. ಮೊದಮೊದಲು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದೆ. ಕೊಟ್ಟಿಗೆಯಲ್ಲಿ ಮಾತ್ರ ನನ್ನದೇ ದರಬಾರು. ಪಿಯುಸಿಯ ಅರ್ಥಶಾಸ್ತ್ರ ಎಮ್ಮೆಗೆ ಒಗ್ಗಲಿಲ್ಲ, ಕಾಲು ಝಾಡಿಸುತ್ತಿತ್ತು. ಚರಿತ್ರೆಗೆ ಬಂದರೆ ಚೊಂಬು ತುಂಬುತ್ತಿತ್ತು. ಹೋಟೆಲಿನವರ ಹೆಂಡತಿ ನೊಣ ಓಡಿಸುವ ನೆಪದಲ್ಲಿ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು. ಅವರು ಓದಿದ್ದು ನಾಲ್ಕನೇ ಕ್ಲಾಸು.

"ಆ ರಾಜ ನಿನ್ನೆ ಸೋತಿದ್ನಲ್ಲೇ, ಇವತ್ತು ಮತ್ತೆ ಯಾಕೆ ದಂಡು ತಗೊಂಡು ಹೊರಟ?" ಎಂದು ಕೇಳುತ್ತಿದ್ದರು. ಅವರಿಗೆ ಬಿಡಿಸಿ ಹೇಳುವುದಕ್ಕಾಗಿ ನಾನು ರೈಲಿನಲ್ಲಿ ಮುಂದಿನ ಪಾಠ ಓದಿಕೊಂಡು ಬರಬೇಕಾಗುತ್ತಿತ್ತು.

ಅಪ್ಪ ಒಮ್ಮೊಮ್ಮೆ ಭಾನುವಾರ ಬರುತ್ತಿದ್ದರು. ನೇರ ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನು ಸವರಿ, "ಇಳ್ದೋಗದೆ ಕಣಮ್ಮ, ಸರ್ಯಾಗ್ ನೋಡ್ಕೊ" ಎಂದು ನನಗೆ ಬೈದು, ಆಮೇಲೆ ಊಟ ಮಾಡಿದೆಯಾ ಎಂದು ಕೇಳುತ್ತಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಎಮ್ಮೆ ಬತ್ತಿಹೋಯಿತು. ಗಬ್ಬವಾಗಿತ್ತು, ಬತ್ತಲೇಬೇಕು. ಖಾಲಿ ಚೊಂಬು ಹಿಡಿದು ನಡುಮನೆಗೆ ಬಂದೆ. ಹಾಲಿಲ್ಲದ ಮೇಲೆ ನನಗೆ ಆ ಮನೆಯಲ್ಲಿ ಏನು ಕೆಲಸ? ಹೋಟೆಲಿನವರು ಚೊಂಬು ನೋಡಿದರು, ನನ್ನನ್ನು ನೋಡಿದರು.

"ಇನ್ನು ಇವಳನ್ನ ಊರಿಗೆ..." ಎಂದು ಶುರು ಮಾಡಿದರು.

"ಊರಿಗೆ ಕಳ್ಸಿ" ಎಂದರು ಅವರ ಹೆಂಡತಿ ಅಡಿಗೆ ಮನೆಯೊಳಗಿನಿಂದ. "ಕರು ಹಾಕೋ ಹೊತ್ತಿಗೆ ಎಮ್ಮೆ ಪಾಠ ಎಲ್ಲಾ ಮರೆತಿರುತ್ತೆ. ಆಮೇಲೆ ನೀವೇ ಒಂದನೇ ಕ್ಲಾಸಿಂದ ಹೇಳಿಕೊಡಿ."

ಹೋಟೆಲಿನವರು ಅದನ್ನು ನಿಜವಾಗಿಯೂ ಯೋಚಿಸಿದರು ಅನ್ನಿಸುತ್ತದೆ. ಮಾರನೆಯ ಬೆಳಿಗ್ಗೆ ಅವರಾಗಿಯೇ ಬಂದು, ಹಾಲಿಲ್ಲದಿದ್ದರೂ ದಿನಾ ಸ್ವಲ್ಪ ಹೊತ್ತು ಅದರ ಮುಂದೆ ಓದು ಎಂದರು. ಓದಿದೆ. ಎಮ್ಮೆ ಮೆಲುಕು ಹಾಕುತ್ತಾ ಕೇಳಿತು, ಅವರ ಹೆಂಡತಿ ಒರಳಿನ ಮೇಲೆ ಕೂತು ಕೇಳಿದರು. ಈಗ ಓಡಿಸಲು ನೊಣವೂ ಅಷ್ಟಿರಲಿಲ್ಲ.

ಪಾಸಾದೆ. ಫಲಿತಾಂಶದ ದಿನ ಹೋಟೆಲಿನವರು ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು. ಒಬ್ಬ ಗಿರಾಕಿ, "ನಿಮ್ಗೆ ಮಗಳಿರೋದೇ ಗೊತ್ತಿರಲಿಲ್ಲ" ಎಂದ. "ಎಮ್ಮೆ ಜೊತೆ ಬಂದಳು" ಎಂದು ಅವರು ಚಿಲ್ಲರೆ ಕೊಟ್ಟರು.

ಬಿಎ ಮುಗಿಯುವವರೆಗೂ ನಾನು ಆ ಮನೆಯಲ್ಲೇ ಇದ್ದೆ. ಯಾವ ವರ್ಷದಿಂದ ಅಡಿಗೆ ಮನೆಯೊಳಗೇ ಕೂತು ಊಟ ಮಾಡತೊಡಗಿದೆ ಎಂಬುದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.